ಖಾಲಿಯಾಗದ ಪುಡಿ

ಆರ್ಗಾನ್ ಸಿಲಿಂಡರಿನ ಕೀಲಿ ತಿರುಗಿಸಿದಳು ಮಾಧುರಿ. ಪಕ್ಕದಲ್ಲೇ, ಅದೇ ಸರಪಳಿಯಿಂದ ಗೋಡೆಗೆ ಬಿಗಿಸಿಕೊಂಡು, ಕಾರ್ಬನ್ ಡೈಆಕ್ಸೈಡಿನ ಸಿಲಿಂಡರ್ ನಿಂತಿತ್ತು. ಇಷ್ಟು ದಿನ ಪ್ರತಿ ಸಲವೂ ಅವಳು ಮುಟ್ಟಿದ್ದು ಅದನ್ನೇ. ಇವತ್ತು ಅದನ್ನು ಮುಟ್ಟಲಿಲ್ಲ. ನೋಡಲಿಕ್ಕೆ ಮನೆಯ ಕುಕ್ಕರಿಗಿಂತ ಚಿಕ್ಕದು, ಎತ್ತಹೋದರೆ ಸೊಂಟ ಹಿಡಿಯುವಷ್ಟು ಭಾರ, ಅಂಥ ಉಕ್ಕಿನ ರಿಯಾಕ್ಟರಿನೊಳಗೆ ಆರ್ಗಾನ್ ಸಣ್ಣಗೆ ಸಿಳ್ಳು ಹಾಕುತ್ತ ನುಗ್ಗಿತು. ಮಾಪಕದ ಮುಳ್ಳು ಏರಿ, ಯಾವಾಗಲೂ ನಿಲ್ಲುವಲ್ಲಿಯೇ ನಿಂತಿತು. ಒಳಗೆ ಹೋದದ್ದು ಯಾವ ಅನಿಲ ಎಂದು ಮುಳ್ಳಿಗೆ ಗೊತ್ತಾಗುವುದಿಲ್ಲ, ಅದಕ್ಕೆ ಒತ್ತಡವಷ್ಟೇ ಗೊತ್ತು. ಮೇಲೊಂದಿಷ್ಟು ಹೈಡ್ರೋಜನ್ ಬಿಟ್ಟು, ಕೀಲಿ ಬಿಗಿ ಮಾಡಿ, ಬಿಸಿ ಏರಿಸುವ ಗುಂಡಿ ಒತ್ತಿದಳು. ಹೊರಗೆ ಪುಣೆಯ ಶಿವಾಜಿನಗರದ ರಸ್ತೆಯಲ್ಲಿ ಬೆಳಗಿನ ಬಸ್ಸುಗಳು ಒಂದರ ಬಾಲ ಒಂದು ಹಿಡಿದು ಹಾರ್ನ್ ಹೊಡೆಯುತ್ತಿದ್ದವು. ಲ್ಯಾಬಿಗೆ ಹಣ ಕೊಡುವ ಮಾತಾಡಿರುವ ಕುರಕುಂಭದ ಕಾರ್ಖಾನೆಯವರು ಮಧ್ಯಾಹ್ನ ಬರುತ್ತಾರೆ, ಅವರ ಕಣ್ಣೆದುರು ಇದನ್ನು ತೆರೆಯಬೇಕು. ತೆರೆದಾಗ ಒಳಗೆ ಆಮ್ಲವಿದ್ದರೂ ತಾನು ಕೆಟ್ಟೆ, ಇಲ್ಲದಿದ್ದರೂ ಕೆಟ್ಟೆ. ಕೆಟ್ಟರೆ ಕೆಡಲಿ, ಗೊತ್ತಾದರೂ ಆಗುತ್ತದಲ್ಲ, ಎಂದುಕೊಂಡು ಕೈ ತೊಳೆಯಲು ಹೋದಳು.

ಒಳಗಿರುವ ಪುಡಿ ಅವಳೇ ಮಾಡಿದ್ದು. ಹಳದಿ ಬಣ್ಣ, ಕಡಲೆಹಿಟ್ಟಿನ ಹಾಗೆ. ಲೋಹದ ಸಣ್ಣ ಸಣ್ಣ ಗಂಟುಗಳನ್ನು ಇಂಗಾಲದ ಕಡ್ಡಿಗಳಿಂದ ಒಂದಕ್ಕೊಂದು ಜೋಡಿಸಿದ ಚೌಕಟ್ಟು ಅದು, ಕಣ್ಣಿಗೆ ಕಾಣದಷ್ಟು ಕಿರಿದು, ಒಳಗೆಲ್ಲ ಬರೀ ತೂತು. ಒಂದು ಚಮಚೆ ಪುಡಿಯ ಒಳಮೈಯನ್ನೆಲ್ಲ ಬಿಚ್ಚಿ ಹಾಸಿದರೆ ಕಾಲೇಜಿನ ಮೈದಾನ ತುಂಬುತ್ತದೆ ಎಂದು ಅವಳ ಗೈಡ್ ಜ್ಯೋತ್ಸ್ನಾ ಮ್ಯಾಡಂ ಹೇಳುವಾಗ ಮೊದಲ ವರ್ಷದ ಹುಡುಗರ ಬಾಯಿ ತೆರೆದೇ ಇರುತ್ತದೆ. ಕಾರ್ಖಾನೆಯ ಚಿಮಣಿಯಿಂದ ಹೊರಡುವ ಕಾರ್ಬನ್ ಡೈಆಕ್ಸೈಡು ಈ ತೂತುಗಳಲ್ಲಿ ಸಿಕ್ಕಿಕೊಂಡು, ಹೈಡ್ರೋಜನ್ ಜೊತೆ ಕೂಡಿ, ಫಾರ್ಮಿಕ್ ಆಮ್ಲವಾಗಿ ಹೊರಬರುತ್ತದೆ. ಕೆಂಪಿರುವೆ ಕಚ್ಚಿದರೆ ಉರಿಯುವುದು ಇದೇ ಆಮ್ಲದಿಂದ. ಚರ್ಮದ ಕಾರ್ಖಾನೆಯಿಂದ ರಬ್ಬರಿನವರೆಗೆ ಎಲ್ಲರಿಗೂ ಬೇಕಾದ ಸರಕು. ವಿಷದಿಂದ ಸರಕು. ಈ ಮಾತು ಮರಾಠಿ ಪತ್ರಿಕೆಯೊಂದರಲ್ಲಿ ಮ್ಯಾಡಂ ಫೋಟೋದ ಕೆಳಗೆ ಬಂದಿತ್ತು. ಹಿಂದೆ ಬಾಗಿಲ ಪಕ್ಕ ಅರ್ಧ ಮುಖ ಕಾಣುವಂತೆ ನಿಂತವಳು ಮಾಧುರಿ. ಪುಣೆಯ ಅಂಚಿನ ಭೋಸರಿಯ ಮನೆಯಲ್ಲಿ ಅವ್ವ ಚನ್ನಬಸವ್ವ ಆ ತುಂಡನ್ನು ಲ್ಯಾಮಿನೇಶನ್ ಮಾಡಿಸಿ ದೇವರ ಜಗಲಿಯ ಪಕ್ಕ, ಬಸವಣ್ಣನ ಫೋಟೋಕ್ಕೆ ತಾಗಿಸಿ ಇಟ್ಟಿದ್ದಾಳೆ. ದಿನಾ ಅದಕ್ಕೂ ಒಂದು ಬೆರಳು ವಿಭೂತಿ. ಅರ್ಧ ಮುಖಕ್ಕೆ ವಿಭೂತಿ ಬಿದ್ದು ಬಿದ್ದು ಈಗ ಕಣ್ಣು ಕಾಣುವುದಿಲ್ಲ. "ಹೊಗಿಯಿಂದ ಇರಿವಿ ಆಮ್ಲಾ ಮಾಡ್ತಾಳ್ರಿ ನಮ್ಮಾಕಿ" ಎಂದು ಅವ್ವ ಓಣಿಯವರಿಗೆ ಹೇಳುವಾಗ, ಆ ಹೆಂಗಸರು ಇರುವೆಯನ್ನು ಯಾಕೆ ಮಾಡಬೇಕು, ಇರುವವು ಸಾಲವೇ ಎಂಬಂತೆ ನೋಡುತ್ತಾರೆ. ಮಾಧುರಿಗೆ ಆಗೆಲ್ಲ ನಗು ಬರುತ್ತಿತ್ತು. ಈಚೆಗೆ ಬರುವುದಿಲ್ಲ.

ವಾಸನೆಯಿಂದ ಶುರುವಾದದ್ದು ಇದು. ಪ್ರತಿ ಸಲ ರಿಯಾಕ್ಟರಿನ ಮುಚ್ಚಳ ತೆಗೆದಾಗ ಒಂದು ವಾಸನೆ ಏಳುತ್ತಿತ್ತು, ಮೂಗಿನ ಮೂಲೆಗೆ ಹೋಗಿ ಕೂರುವಂಥದ್ದು. ಅವಳು ದುಪಟ್ಟಾದಿಂದ ಮೂಗು ಮುಚ್ಚಿಕೊಂಡು ಕೆಲಸ ಮಾಡುತ್ತಿದ್ದಳು. ಲ್ಯಾಬಿನಲ್ಲಿ ಅದಕ್ಕೆ ಔಷಧದ ವಾಸನೆ ಎಂದು ಹೆಸರಿತ್ತು. ಹೆಸರಿಟ್ಟವರೆಲ್ಲ ಮೂರು ತಲೆಮಾರಿನಿಂದ ಮೊಟ್ಟೆಯನ್ನೂ ಮುಟ್ಟದವರು: ಮ್ಯಾಡಂ ಧಾರವಾಡದ ಕಡೆಯ ಆಚಾರದ ಮನೆಯವರು, ಮಾಧುರಿ ಲಿಂಗ ಕಟ್ಟಿಕೊಂಡವಳು, ಉಳಿದಿಬ್ಬರು ಪುಣೆಯ ಬ್ರಾಹ್ಮಣರ ಕೇರಿ ಸದಾಶಿವ ಪೇಟೆಯ ಹುಡುಗಿಯರು. ಹೋದ ವರ್ಷ ಸೇರಿದ ಸುದೀಪ ಮಾತ್ರ ಬೇರೆ. ಕುಂದಾಪುರದ ಕಡೆಯಿಂದ ಬಂದು ಶಿವಾಜಿನಗರದಲ್ಲಿ ಹೋಟೆಲು ನಡೆಸುವ ಸದಾನಂದರ ಮಗ. ಮೊದಲ ದಿನವೇ, ಮುಚ್ಚಳ ತೆಗೆದ ಕೂಡಲೇ, "ಎಂತ, ಇಲ್ಲಿಯೂ ಬಂಗುಡೆಯಾ?" ಎಂದು ನಕ್ಕಿದ್ದ. ಯಾರೂ ನಗಲಿಲ್ಲ. ಮ್ಯಾಡಂ, ಇದು ಲ್ಯಾಬು, ನಿಮ್ಮಪ್ಪನ ಹೋಟೆಲಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅವನು ಕಿವಿಯ ತುದಿಯವರೆಗೆ ಕೆಂಪಾದ. ಆಮೇಲೆ ಆ ಮಾತು ಎತ್ತಲಿಲ್ಲ. ಮಾಧುರಿಯೂ ಆವತ್ತು ಮುಖ ಸಿಂಡರಿಸಿಕೊಂಡಿದ್ದಳು. ಯಾಕೆ ಸಿಂಡರಿಸಿಕೊಂಡೆ ಎಂದು ಈಗ ಕೇಳಿಕೊಂಡರೆ ಉತ್ತರ ಚೆನ್ನಾಗಿಲ್ಲ. ತನ್ನ ಪುಡಿಯನ್ನು ಮೀನಿಗೆ ಹೋಲಿಸಿದ್ದು ಅವಳಿಗೆ ಮೈಲಿಗೆಯಂತೆ ತಾಗಿತ್ತು. ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುವವಳು, ಒಂದು ವಾಸನೆಯನ್ನು ವಾಸನೆ ಎಂದು ನೋಡದೆ, ಜಾತಿ ಎಂದು ನೋಡಿದ್ದಳು.

ಕುರಕುಂಭದವರು ಬರುತ್ತಾರೆಂದು ಖಚಿತವಾದ ದಿನ ಸಂಜೆ ಮ್ಯಾಡಂ ಎಲ್ಲರನ್ನೂ ಸದಾನಂದರ ಹೋಟೆಲಿಗೆ ಕರೆದುಕೊಂಡು ಹೋದರು. ಸಸ್ಯಾಹಾರದವರಿಗೆ ಮಾಳಿಗೆ ಮೇಲೆ, ಮೀನಿನವರಿಗೆ ಕೆಳಗೆ. ಕೈ ತೊಳೆಯುವ ನಲ್ಲಿ ಮಾತ್ರ ಕೆಳಗಿತ್ತು, ಅಡಿಗೆಮನೆಯ ಬಾಗಿಲಿಗೆ ಹೊಂದಿಕೊಂಡು. ನೀರ್ದೋಸೆ ತಿಂದು ಕೈ ತೊಳೆಯಲು ಇಳಿದ ಮಾಧುರಿ ನಲ್ಲಿಯ ಮುಂದೆ ಹಾಗೇ ನಿಂತುಬಿಟ್ಟಳು. ಬಾಗಿಲು ತೆರೆದು ಸುದೀಪನ ತಾಯಿ ಲೀಲಾಕ್ಷಿ, ಒದ್ದೆ ಕೈಗಳನ್ನು ಮುಂದೆ ಚಾಚಿಕೊಂಡು ಹೊರಬಂದಿದ್ದರು. "ಬಂದ್ಯಾ ಮಗಾ? ಮೈಗೆ ತಾಗ್ಬೇಡ, ಮೀನು ತೊಳೀತಾ ಇದ್ದೆ" ಎಂದರು. ಆ ಕೈಗಳಿಂದ ಎದ್ದ ವಾಸನೆ ಅವಳ ರಿಯಾಕ್ಟರಿನದು. ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ, ಅದೇ. ಪಾಠದ ಪುಸ್ತಕದಲ್ಲಿ ಎಂದೋ ಓದಿದ ಸಾಲು, ಅಮೀನುಗಳಿಗೆ ಮೀನಿನ ವಾಸನೆ ಇರುತ್ತದೆ, ಪರೀಕ್ಷೆಗೆಂದು ಬಾಯಿಪಾಠ ಮಾಡಿ ನೂರಕ್ಕೆ ತೊಂಬತ್ತು ತೆಗೆದುಕೊಂಡ ಸಾಲು, ಈಗ ಬಂದು ಕಪಾಳಕ್ಕೆ ಬಡಿಯಿತು. ಅಮೀನು ಅವಳ ರಿಯಾಕ್ಟರಿಗೆ ಎಲ್ಲಿಂದ ಬಂತು? ಅವಳು ಹಾಕುವುದು ನೀರು, ಚೂರು ಕ್ಷಾರ, ಪುಡಿ, ಎರಡು ಅನಿಲ. ನಲ್ಲಿಯ ನೀರು ಸುಮ್ಮನೆ ಹರಿಯುತ್ತಿತ್ತು. ಲೀಲಾಕ್ಷಿ ಮೊಣಕೈಯಿಂದ ಅದನ್ನು ನಿಲ್ಲಿಸಿ, "ಎಂತ ಆಯ್ತು? ವಾಸನೆಗೆ ವಾಂತಿ ಬಂತಾ?" ಎಂದು ಕೇಳಿದರು. ಇಲ್ಲ ಎಂದು ತಲೆಯಾಡಿಸಿದಳು. ಬಂದದ್ದು ಭಯ.

ಪುಡಿಯನ್ನು ಮಾಡುವುದು ಡಿಎಂಎಫ್ ಎಂಬ ದ್ರಾವಕದಲ್ಲಿ ಕುದಿಸಿ. ಹುಟ್ಟುವಾಗಲೇ ಪುಡಿಯ ತೂತುಗಳಲ್ಲೆಲ್ಲ ಅದು ತುಂಬಿಕೊಂಡಿರುತ್ತದೆ. ಹೀಗೆ ಹುಟ್ಟಿದ ಪುಡಿಯನ್ನು ದಿನಗಟ್ಟಲೆ ಮೆಥನಾಲಿನಲ್ಲಿ ನೆನೆಸಿ, ತೊಳೆದು, ಗಾಳಿ ತೆಗೆದ ಒಲೆಯಲ್ಲಿ ಕಾಯಿಸಿ, ತೂತುಗಳನ್ನು ಖಾಲಿ ಮಾಡಬೇಕು. ಹೋದ ವರ್ಷ, ಸುದೀಪ ಸೇರುವ ಮೊದಲು, ಬೇಸಿಗೆಯಲ್ಲಿ ಆ ಒಲೆಯ ಪಂಪು ಕೆಟ್ಟಿತ್ತು. ಮ್ಯಾಡಂಗೆ ಅವಸರವಿತ್ತು. ಮಾಧುರಿ ಪುಡಿಯನ್ನು ಒಂದೇ ಸಲ ತೊಳೆದು, ಸಾದಾ ಒಲೆಯಲ್ಲಿ ಒಣಗಿಸಿ ಹಾಕಿದಳು. ಆವತ್ತು ಆಮ್ಲ ಬಂತು, ಹಿಂದೆಂದೂ ಬರದಷ್ಟು. ಅಂದಿನಿಂದ ಅದೇ ಪದ್ಧತಿಯಾಯಿತು, ಆ ಅಂಕಿಗಳ ಮೇಲೆ ಒಂದು ಪೇಪರೂ ಪ್ರಕಟವಾಯಿತು. ಡಿಎಂಎಫ್ ಬಿಸಿನೀರಿನಲ್ಲಿ ಕ್ಷಾರದ ಜೊತೆ ಬೆಂದರೆ ಎರಡು ತುಂಡಾಗುತ್ತದೆ. ಒಂದು ತುಂಡು ಫಾರ್ಮಿಕ್ ಆಮ್ಲ, ಅವರು ಸಿಹಿ ಹಂಚಿದ್ದು ಅದಕ್ಕೆ. ಇನ್ನೊಂದು ತುಂಡು ಅಮೀನು, ಮೀನು ನಾರುವಂಥದ್ದು. ಅದು ಇಷ್ಟು ತಿಂಗಳು ಲ್ಯಾಬಿನ ತುಂಬ ಓಡಾಡಿ, ನಾನು ಇಲ್ಲಿದ್ದೇನೆ, ನಾನು ಇಲ್ಲಿದ್ದೇನೆ ಎಂದು ಕೂಗುತ್ತಿದ್ದರೂ ಮೂಗು ಮುಚ್ಚಿಕೊಂಡವರು ಇವರು. ಚಿಮಣಿಯ ಹೊಗೆ ಆಮ್ಲವಾಗಿರಲೇ ಇಲ್ಲವೋ ಏನೋ. ಪುಡಿ ತನ್ನ ಹೊಟ್ಟೆಯಲ್ಲಿ ಮೊದಲೇ ಇದ್ದದ್ದನ್ನು ಕಕ್ಕುತ್ತಿತ್ತೋ ಏನೋ. ಈ ಏನೋ ಒಂದನ್ನು ತೆಗೆದುಹಾಕಲಿಕ್ಕೆ ಬೇಕಾದದ್ದು ಒಂದೇ ಪರೀಕ್ಷೆ: ಕಾರ್ಬನ್ ಡೈಆಕ್ಸೈಡಿನ ಜಾಗದಲ್ಲಿ ಆರ್ಗಾನ್ ತುಂಬಿ ನೋಡುವುದು. ಆರ್ಗಾನ್ ಯಾರ ತಂಟೆಗೂ ಹೋಗದ ಅನಿಲ. ಅದನ್ನು ತುಂಬಿದರೂ ಆಮ್ಲ ಬಂದರೆ, ಕಾರ್ಬನ್ ಡೈಆಕ್ಸೈಡಿನ ಕಥೆ ಮುಗಿದಂತೆ. ಶುರುವಿನಲ್ಲೇ ಮಾಡಬೇಕಾದ ಪರೀಕ್ಷೆ. ಆಮೇಲೆ ಮಾಡೋಣ ಎಂದದ್ದು ಮ್ಯಾಡಂ, ಆಗಲಿ ಎಂದದ್ದು ತಾನು, ಮರೆತದ್ದು ಇಬ್ಬರೂ.

ಹೋಟೆಲಿನ ಆ ಸಂಜೆಯಿಂದ ಒಂದು ವಾರ ಅವಳು ಬಾಯಿ ಬಿಡಲಿಲ್ಲ. ಅದು ಅವಳನ್ನು ಈಗಲೂ ಚುಚ್ಚುತ್ತದೆ. ಬಸ್ಸಿನಲ್ಲಿ ನಿಂತುಕೊಂಡು, ಕಂಬಿ ಹಿಡಿದ ತನ್ನ ಕೈಯನ್ನು ಮೂಗಿನ ಹತ್ತಿರ ತಂದು ಮೂಸಿ ನೋಡುತ್ತಿದ್ದಳು. ಸೋಮವಾರ ಹೇಳಿದಳು. ಮ್ಯಾಡಂ ಅವಳನ್ನು ಕೂರಿಸಿ, ತಾವೇ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟು, ಕನ್ನಡದಲ್ಲಿ ಮಾತಾಡಿದರು. ಲ್ಯಾಬಿನಲ್ಲಿ ಇಂಗ್ಲಿಷು, ಆಫೀಸಿನಲ್ಲಿ ಮರಾಠಿ. ಮ್ಯಾಡಂ ಕನ್ನಡಕ್ಕೆ ಇಳಿದರೆಂದರೆ ಏನೋ ಬೇಕಾಗಿದೆ ಎಂದೇ ಲೆಕ್ಕ.

"ನೋಡು ಮಾಧುರಿ, ವಾಸನಿ ಮ್ಯಾಲೆ ಯಾರರೆ ವಿಜ್ಞಾನ ಮಾಡ್ತಾರೇನು?"

"ಅದಕ್ಕ ಆರ್ಗಾನ್ ಹಾಕಿ ನೋಡೂಣ್ರಿ ಮ್ಯಾಡಂ. ಒಂದ ದಿನದ ಕೆಲಸ."

"ಇರೂದು ಒಂದ ರಿಯಾಕ್ಟರು. ಅದರ ವಾಷರ್ ಹೋದ್ರ ಗುರುವಾರ ಅವರಿಗೆ ಏನ್ ತೋರಸ್ಲಿ, ನನ್ನ ಮುಖಾ? ಅವರು ಬಂದು ಹೋಗ್ಲಿ. ರೊಕ್ಕ ಬರಲಿ. ಆಮ್ಯಾಲೆ ನೀ ಬೇಕಾದ್ದು ಹಾಕಿ ನೋಡು, ಯಾರು ಬ್ಯಾಡಂತಾರ? ನಿನ್ನ ನೌಕರಿ ಅಲ್ಲೇ ಕುರಕುಂಭದಾಗ ಅಂತ ನಾ ಮಾತಾಡಿ ಇಟ್ಟೀನಿ. ಥೀಸಿಸ್ ಆಗೂ ಮೊದಲ ಆರ್ಡರ್ ಕೈಯಾಗ." ಫ್ಲಾಸ್ಕಿನ ಮುಚ್ಚಳ ಬಿಗಿ ಮಾಡುತ್ತ ಅವರು, "ನಿನ್ನ ಯಾರೂ ತಗೊಳ್ಳಲಾರದಾಗ ತಗೊಂಡಾಕಿ ನಾ" ಎಂದರು. ಅದನ್ನು ಅವರು ಹೇಳಬಾರದಿತ್ತು. ಅದು ನಿಜವಾಗಿತ್ತು. ಭೋಸರಿಯ ಕಾಲೇಜಿನ ಡಿಗ್ರಿ ನೋಡಿ ಉಳಿದ ಪ್ರಾಧ್ಯಾಪಕರು ಅರ್ಜಿಯನ್ನು ತಿರುವಿ ಕೂಡ ನೋಡಿರಲಿಲ್ಲ. ಮಾಧುರಿ ಚಹಾ ಕುಡಿದಳು. ಲೋಟ ತೊಳೆದಿಟ್ಟಳು. ಮ್ಯಾಡಂ ಸುಳ್ಳು ಹೇಳುವವರಲ್ಲ ಎಂದು ಅವಳಿಗೆ ಗೊತ್ತಿತ್ತು. ಮುಂದಿನ ವರ್ಷ ನಿವೃತ್ತಿ, ಯೋಜನೆ ಸಿಗದಿದ್ದರೆ ಲ್ಯಾಬಿಗೆ ಬೀಗ, ಸದಾಶಿವ ಪೇಟೆಯ ಹುಡುಗಿಯರ ಸಂಬಳವೂ ಬಂದ್. ನಂಬಬೇಕು ಎಂದು ಹಟ ಹಿಡಿದು ಅವರು ನಂಬುತ್ತಿದ್ದರು. ಅಂಥವರ ಮೇಲೆ ಸಿಟ್ಟು ಮಾಡುವುದು ಕಷ್ಟ. ಆದರೂ ಅವಳಿಗೆ ಸಿಟ್ಟು ಬಂತು, ಬಂದು ಇಳಿಯಲೇ ಇಲ್ಲ.

ನಿನ್ನೆ ಊಟದ ಹೊತ್ತಿಗೆ ಅಪ್ಪನನ್ನು ಕೇಳಿದ್ದಳು, ಸುತ್ತಿ ಬಳಸಿ. ಹೊಳಬಸಪ್ಪ ಭೋಸರಿಯ ಫೌಂಡ್ರಿಯಲ್ಲಿ ಎರಕ ಹೊಯ್ಯುತ್ತ ಮೂವತ್ತು ವರ್ಷ ಕಳೆದವನು. ಎರಕದೊಳಗೆ ಗಾಳಿ ಸಿಕ್ಕಿ ತೂತು ಬಿದ್ದರೆ ಏನು ಮಾಡುತ್ತಿದ್ದಿರಿ ಅಪ್ಪಾ, ಎಂದಳು. ಅವನು ರೊಟ್ಟಿ ಮುರಿಯುತ್ತ ನಕ್ಕ. "ಲಾಂಬಿ ತುಂಬೂದು, ಉಜ್ಜೂದು, ಬಣ್ಣಾ ಹೊಡಿಯೂದು, ಗಾಡಿ ಹತ್ತಸೂದು." ಲಾಂಬಿ ಎಂದರೆ ತೂತು ಮುಚ್ಚುವ ಹಿಟ್ಟಿನಂಥ ಮೆತ್ತೆ, ಒಣಗಿದ ಮೇಲೆ ಕಬ್ಬಿಣವೇ ಅನ್ನಬೇಕು. "ತಪ್ಪಲ್ಲೇನು?" ಎಂದಳು. "ಎಲ್ಲಾರೂ ತುಂಬತಿದ್ರವಾ. ತುಂಬಲಾರದಂವಾ ಮನೀಗೆ ಹೋಗ್ತಿದ್ದ. ಒಡದು ನೋಡವರು ಯಾರು?" ಎಂದು ಅವನು ಪಲ್ಯ ಹಾಕಿಸಿಕೊಂಡ. ಅವನ ಮುಖದಲ್ಲಿ ನಾಚಿಕೆಯೂ ಇರಲಿಲ್ಲ, ಹೆಮ್ಮೆಯೂ ಇರಲಿಲ್ಲ. ಅವನ ಲಾಂಬಿಯಿಂದಲೇ ತಾನು ಓದಿದ್ದು, ಬಸ್ ಪಾಸು, ಪರೀಕ್ಷೆಯ ಫೀಸು, ಈ ಚಪ್ಪಲಿ ಕೂಡ. ಅದು ತಿಳಿದೂ ಅವಳ ಮನಸ್ಸು ಮೃದುವಾಗಲಿಲ್ಲ. ಒಡೆದು ನೋಡುವವರು ಯಾರು ಎಂದನಲ್ಲ, ಆ ಮಾತು ಗಂಟಲಲ್ಲಿ ಸಿಕ್ಕ ರೊಟ್ಟಿಯಂತೆ ಬೆಳಗಿನವರೆಗೂ ಇಳಿಯಲಿಲ್ಲ. ಬೆಳಿಗ್ಗೆ ಅವ್ವ ಹೊಸ ಚೂಡಿದಾರ ತೆಗೆದಿಟ್ಟಿದ್ದಳು. ಅದನ್ನೇ ಹಾಕಿಕೊಂಡು ಬಂದು ಆರ್ಗಾನಿನ ಕೀಲಿ ತಿರುಗಿಸಿದಳು.

ಮ್ಯಾಡಂ ಬಂದರು, ಇಳಕಲ್ ಸೀರೆಯುಟ್ಟು. ನೇರ ರಿಯಾಕ್ಟರಿನ ಹತ್ತಿರ ಹೋಗಿ, ಕನ್ನಡಕ ಏರಿಸಿ ಮುಳ್ಳು ನೋಡಿದರು. ಎರಡು ಸಿಲಿಂಡರುಗಳ ಕೀಲಿಗಳನ್ನು ನೋಡಿದರೆ ಸಾಕಿತ್ತು, ಯಾವುದು ಈಗಷ್ಟೇ ತಿರುಗಿದ್ದು ಎಂದು ಮ್ಯಾಡಂನಂಥವರಿಗೆ ಹೊಳೆಯುತ್ತಿತ್ತು. "ಛಲೋ" ಎಂದರು ಅವರು, ಮುಳ್ಳಿಗೆ. ಆಮೇಲೆ ಇವಳತ್ತ ತಿರುಗಿ, ಇವಳ ದುಪಟ್ಟಾ ಸರಿಮಾಡಿ, ಹೊಸದೇನು ಎಂದು ಕೇಳಿದರು. ಆ ಬೆರಳುಗಳ ಸ್ಪರ್ಶ ಭುಜದ ಮೇಲೆ ಬಹಳ ಹೊತ್ತು ಉಳಿಯಿತು. ಈಗಲೂ ಹೇಳಿಬಿಡಬಹುದಿತ್ತು. ಬಿಸಿ ಇಳಿಸಿ, ಅನಿಲ ಬಿಟ್ಟು, ಮತ್ತೆ ತುಂಬಲು ಹೊತ್ತಿತ್ತು. ಸೋಮವಾರ ಹೇಳಿದ್ದೆನಲ್ಲ, ಎಂದು ಅವಳ ಒಳಗಿನ ಮೊಂಡು ಹೇಳಿತು. ಹೇಳಿದ್ದನ್ನು ಚಹಾದ ಜೊತೆ ಕುಡಿಸಿ ಕಳಿಸಿದರಲ್ಲ. ಆದರೆ ಅದರ ಅಡಿಯಲ್ಲಿ ಇನ್ನೊಂದಿತ್ತು, ಮಧ್ಯಾಹ್ನದ ತನಕ ಅದು ಅವಳನ್ನು ಹಿಂಡಿತು: ಆಮ್ಲ ಬರದೇ ಹೋದರೆ? ವಾಸನೆ ಬೇರೆ ಎಲ್ಲಿಂದಲೋ ಬಂದಿದ್ದು, ಪುಡಿ ನಿಜವಾಗಿಯೂ ಹೊಗೆ ತಿನ್ನುವ ಪುಡಿಯೇ ಆಗಿದ್ದರೆ? ಆಗ ಕುರಕುಂಭದವರ ಮುಂದೆ, ಆಮ್ಲ ಅಳೆಯುವ ಯಂತ್ರದ ಪರದೆಯ ಮೇಲೆ, ಖಾಲಿ ಗೆರೆ ಬರುತ್ತದೆ. ಚಿನ್ನದಂಥ ಕೆಲಸವನ್ನು ಅನುಮಾನದ ಪಿಶಾಚಿಯೊಂದು ತನ್ನ ಕೈಯಾರೆ ಹಾಳು ಮಾಡಿತು ಎಂದಾಗುತ್ತದೆ. ಒಂದು ಗಳಿಗೆ, ದೇವರೇ ಆಮ್ಲ ಬರಲಿ ಎಂದು ಬೇಡಿಕೊಂಡಳು. ಮರುಗಳಿಗೆಯಲ್ಲಿ, ಬಂದರೆ ಮುಗಿಯಿತಲ್ಲ ಎಂದು ನೆನಪಾಗಿ, ಬರದಿರಲಿ ಎಂದು ಬೇಡಿಕೊಂಡಳು. ದೇವರಿಗೂ ತಲೆ ಕೆಟ್ಟಿರಬೇಕು.

ಕುರಕುಂಭದಿಂದ ಬಂದವರು ಇಬ್ಬರು. ಒಬ್ಬ ಮರಾಠಿ ಇಂಜಿನಿಯರು, ಇನ್ನೊಬ್ಬರು ಶಿವಪುತ್ರಪ್ಪ, ಕಾರ್ಖಾನೆಯ ತಾಂತ್ರಿಕ ಮುಖ್ಯಸ್ಥರು, ಇಂಡಿ ತಾಲೂಕಿನ ಕಡೆಯವರು. ಮ್ಯಾಡಂ ಕನ್ನಡದವರೆಂದು ತಿಳಿದದ್ದೇ ಅವರ ಮುಖ ಅರಳಿತು. "ಪುಣೇದಾಗ ನಮ್ಮವರು ಇಷ್ಟ ದೊಡ್ಡ ಕೆಲಸಾ ಮಾಡ್ಲಿಕತ್ತಾರಂದ್ರ ಭಾಳ ಸಂತೋಷ ನೋಡ್ರಿ." ಮ್ಯಾಡಂ ಪರದೆಯ ಮೇಲೆ ಬಣ್ಣಬಣ್ಣದ ಚೌಕಟ್ಟು ತೋರಿಸಿದರು, ಮೈದಾನದ ಮಾತು ಹೇಳಿದರು. ಮಾಧುರಿ ಚಹಾ ಕೊಟ್ಟಳು. ಚಹಾ ಕೊಡುವಾಗ ಮ್ಯಾಡಂ, "ಇವಳೇ ನಮ್ಮ ಹುಡುಗಿ, ಭೋಸರಿಯವಳು, ಕೈ ಬಹಳ ಚುರುಕು" ಎಂದು ಮರಾಠಿಯಲ್ಲಿ ಪರಿಚಯಿಸಿದರು. ಇಂಜಿನಿಯರು ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತ ಅವಳ ಕೈಗಳನ್ನು ನೋಡಿದ. ತಲೆ ಇದೆ ಎನ್ನಲಿಲ್ಲ ಮ್ಯಾಡಂ, ಕೈ ಎಂದರು. ಅವಳು ತಟ್ಟೆಯನ್ನು ಸ್ವಲ್ಪ ಜೋರಾಗಿಯೇ ಇಟ್ಟಳು. ಸುದೀಪ ಮೂಲೆಯಿಂದ ಅವಳನ್ನು ನೋಡಿ ಹುಬ್ಬು ಏರಿಸಿದ.

ಮುಚ್ಚಳ ತೆಗೆಯುವ ಹೊತ್ತು ಬಂತು. ರಿಯಾಕ್ಟರನ್ನು ತಣಿಸಿ, ಅನಿಲ ಬಿಟ್ಟು, ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿದಳು. ವಾಸನೆ ಎದ್ದಿತು. ಶಿವಪುತ್ರಪ್ಪ ಕರ್ಚೀಫು ತೆಗೆದರು. ಮ್ಯಾಡಂ, ಔಷಧದ ವಾಸನೆ, ಎಂದು ನಕ್ಕರು. ಮಾಧುರಿಗೆ ಆಗಲೇ ಅರ್ಧ ಗೊತ್ತಾಗಿಹೋಗಿತ್ತು. ಚೂರು ದ್ರವವನ್ನು ಸೋಸಿ ಯಂತ್ರಕ್ಕೆ ಕೊಟ್ಟಳು. ಪರದೆಯ ಮೇಲೆ ಗೆರೆಯೊಂದು ಎಡದಿಂದ ಬಲಕ್ಕೆ ಹರಿಯತೊಡಗಿತು, ಸಪಾಟಾಗಿ. ಎಲ್ಲರೂ ಬಗ್ಗಿ ನೋಡುತ್ತಿದ್ದರು. ಅವಳ ಕಿವಿಯ ಹತ್ತಿರವೇ ಇಂಜಿನಿಯರಿನ ಬಿಸ್ಕತ್ತಿನ ಉಸಿರು. ಗೆರೆ ಹರಿಯಿತು, ಹರಿಯಿತು, ಆಮ್ಲದ ಜಾಗ ಬಂದೊಡನೆ ಎದ್ದಿತು. ನೆಟ್ಟಗೆ, ಎಂದಿನಷ್ಟೇ ಎತ್ತರಕ್ಕೆ, ಸಿಂಹಗಡದ ನೆತ್ತಿಯ ಹಾಗೆ. ಕಾರ್ಬನ್ ಡೈಆಕ್ಸೈಡಿನ ಒಂದು ಉಸಿರೂ ಹಾಕದೆ ಬಂದ ಫಾರ್ಮಿಕ್ ಆಮ್ಲ. ಶಿವಪುತ್ರಪ್ಪ ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ಮ್ಯಾಡಂ ಅವಳ ಬೆನ್ನಿನ ಮೇಲೆ ಕೈಯಿಟ್ಟು, ಅವಳಿಗೊಬ್ಬಳಿಗೇ ಕೇಳುವಂತೆ, "ಶಾಬಾಸ್ ಮಗಳ" ಎಂದರು.

ಇಷ್ಟಕ್ಕೇ ಬಿಡಬಹುದಿತ್ತು. ಆ ಗಳಿಗೆಯಲ್ಲಿ ಅವಳಿಗೆ ಹೊಳೆದ ಮೊದಲ ವಿಚಾರ ಅದೇ, ಅಲ್ಲವೆಂದರೆ ಸುಳ್ಳಾಗುತ್ತದೆ. ಸಿಲಿಂಡರುಗಳು ಬಾಯಿ ಬಿಡುವುದಿಲ್ಲ. ಜಗತ್ತಿನಲ್ಲಿ ಇದು ಅವಳೊಬ್ಬಳಿಗೇ ಗೊತ್ತು. ಕುರಕುಂಭದ ನೌಕರಿ, ಕಂಪನಿಯ ಬಸ್ಸು, ಅವ್ವನ ಜಗಲಿಯ ಮೇಲೆ ಇನ್ನೊಂದು ಲ್ಯಾಮಿನೇಶನ್. ಶಿವಪುತ್ರಪ್ಪ ಹೇಳುತ್ತಿದ್ದರು: "ಈ ಹುಡುಗೀನ್ನ ನಮಗ ಕೊಟ್ಟುಬಿಡ್ರಿ ಮ್ಯಾಡಂ. ನಮ್ಮ ಚಿಮಣಿಗೆ ಈಕಿನ ಗಂಟು ಹಾಕತೀವಿ." ಎಲ್ಲರೂ ನಕ್ಕರು. ಅವಳೂ ನಗಲಿಕ್ಕೆ ಬಾಯಿ ತೆರೆದಳು. ತೆರೆದಾಗ ಆ ವಾಸನೆ ಬಾಯಿಗೆ ಹೋಯಿತು, ನಾಲಿಗೆಯ ಮೇಲೆ ಕೂತಿತು. ಒಡೆದು ನೋಡುವವರು ಯಾರು?

"ಸರ್, ಒಳಗ ಕಾರ್ಬನ್ ಡೈಆಕ್ಸೈಡ್ ಹಾಕಿಲ್ರಿ" ಎಂದಳು.

ಶಿವಪುತ್ರಪ್ಪ ಇನ್ನೂ ನಗುತ್ತಲೇ, "ಅಂದ್ರ?" ಎಂದರು.

"ಆರ್ಗಾನ್ ಹಾಕೀನ್ರಿ. ಮುಂಜಾನೆ ನಾನ ಹಾಕೀನಿ, ಮ್ಯಾಡಂಗ ಗೊತ್ತಿಲ್ಲ. ಆದ್ರೂ ಆಮ್ಲ ಬಂತು, ನೀವ ನೋಡಿದ್ರಲ್ಲ. ಇದು ಹೊಗಿಯಿಂದ ಬಂದದ್ದಲ್ರಿ. ಪುಡಿ ಮಾಡೂವಾಗ ಹಾಕಿದ ಸಾಲ್ವೆಂಟ್ ತೂತಿನೊಳಗ ಉಳದದ. ಅದು ಒಡದು ಆಮ್ಲ ಆಗ್ಯದ. ಪುಡಿ ಖಾಲಿ ಮಾಡಲಾರದ ಹಾಕಿದಾಕಿ ನಾನು. ನಾವು ಪ್ರತಿ ಸಲ ಹೊಸಾ ಪುಡಿ ಹಾಕತೀವ್ರಿ, ಅದಕ್ಕ ಬರ್ತದ. ನಿಮ್ಮ ಚಿಮಣಿಗೆ ಇದನ್ನ ಕಟ್ಟಿದ್ರ, ಒಂದೆರಡ ಸಲ ಬಂದು ನಿಲ್ತದ. ಆಮ್ಯಾಲೆ ಏನೂ ಬರೂದಿಲ್ಲ."

ಇಂಜಿನಿಯರಿಗೆ ಕನ್ನಡ ಬಾರದು, "ಕಾಯ್ ಝಾಲಂ?" ಎಂದು, ಏನಾಯಿತೆಂದು ತಿಳಿಯದೆ, ಒಬ್ಬೊಬ್ಬರ ಮುಖವನ್ನೂ ನೋಡಿದ. ಮ್ಯಾಡಂ ಇಂಗ್ಲಿಷಿನಲ್ಲಿ, ಹುಡುಗಿಗೆ ಒತ್ತಡವಾಗಿದೆ, ಸರಿಯಾಗಿ ನಿದ್ದೆಯಿಲ್ಲ, ಗೊಂದಲ ಮಾಡಿಕೊಂಡಿದ್ದಾಳೆ ಎಂದರು. ಮಾಧುರಿಗೆ ತನ್ನ ಮುಖ ಉರಿಯುತ್ತಿದೆ ಎಂದು ಗೊತ್ತಾಗುತ್ತಿತ್ತು. ಅವಳು ಅದನ್ನೇ ಮರಾಠಿಯಲ್ಲಿ ಮತ್ತೊಮ್ಮೆ ಹೇಳಿದಳು, ಇಂಜಿನಿಯರಿಗೆ, ನಿಧಾನವಾಗಿ. ತನ್ನ ಮರಾಠಿಯಲ್ಲಿ ಭೋಸರಿಯ ಫೌಂಡ್ರಿ ಇದೆ ಎಂದು ಸದಾಶಿವ ಪೇಟೆಯ ಹುಡುಗಿಯರು ಹಿಂದಿನಿಂದ ನಗುವುದು ಅವಳಿಗೆ ಗೊತ್ತಿತ್ತು. ನಗಲಿ. ಶಿವಪುತ್ರಪ್ಪ ಕರ್ಚೀಫನ್ನು ಮಡಚಿ ಜೇಬಿಗಿಟ್ಟರು. ಅವರು ಸಿಟ್ಟಾಗಲಿಲ್ಲ, ಮೆಚ್ಚಲೂ ಇಲ್ಲ. "ನೀವ್ ನೀವ ಒಮ್ಮೆ ಕುಂತು ಮಾತಾಡ್ಕೋರ್ರಿ ಮ್ಯಾಡಂ. ಫೋನ್ ಮಾಡ್ತೇವಿ" ಎಂದರು. ಆ ಫೋನು ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತಾಯಿತು. ಮೆಟ್ಟಿಲಿಳಿಯುವಾಗ ಇಂಜಿನಿಯರು ಏನೋ ಹೇಳಿದ, ಶಿವಪುತ್ರಪ್ಪ ಗಟ್ಟಿಯಾಗಿ ನಕ್ಕರು. ಆ ನಗು ಮೆಟ್ಟಿಲ ಸಂದಿಯಲ್ಲಿ ಮೇಲಿನವರೆಗೂ ಕೇಳಿಸಿತು.

ಉಳಿದವರು ಒಬ್ಬೊಬ್ಬರಾಗಿ ಹೊರಗೆ ಸರಿದರು. ಮ್ಯಾಡಂ ಕುರ್ಚಿಯಲ್ಲಿ ಕೂತಿದ್ದರು, ಇಳಕಲ್ ಸೆರಗು ನೆಲ ಮುಟ್ಟುತ್ತಿತ್ತು. ಅಷ್ಟು ವಯಸ್ಸಾದವರಂತೆ ಅವರು ಹಿಂದೆ ಕಂಡಿರಲಿಲ್ಲ. ಮಾಧುರಿಗೆ ಅವರ ಕಾಲು ಹಿಡಿಯಬೇಕು ಎನ್ನಿಸಿತು, ಹಿಡಿಯಬಾರದು ಎಂದೂ ಅನ್ನಿಸಿತು. ಹಿಡಿದರೆ ಮಾಡಿದ್ದೆಲ್ಲ ತಪ್ಪಾಗುತ್ತದೆ.

"ಲ್ಯಾಬಿನ ಕೀಲಿಕೈ ಮೇಜಿನ ಮೇಲಿಟ್ಟು ಹೋಗು" ಎಂದರು ಮ್ಯಾಡಂ, ಮರಾಠಿಯಲ್ಲಿ. ಕನ್ನಡದಲ್ಲಲ್ಲ. ಇನ್ನು ಅವಳಿಂದ ಅವರಿಗೆ ಬೇಕಾದ್ದು ಏನೂ ಇರಲಿಲ್ಲ.

"ಇಡೂದಿಲ್ರಿ" ಎಂದಳು ಮಾಧುರಿ, ಕನ್ನಡದಲ್ಲೇ.

ಮ್ಯಾಡಂ ತಲೆಯೆತ್ತಿ ನೋಡಿದರು.

"ಪುಡಿ ಖಾಲಿ ಮಾಡತೀನ್ರಿ. ಒಲಿ ಪಂಪು ರಿಪೇರಿ ಆಗ್ಯದ. ಸರಿಯಾಗಿ ತೊಳದು, ಕಾಸಿ, ಆಮ್ಯಾಲೆ ಕಾರ್ಬನ್ ಡೈಆಕ್ಸೈಡ್ ಹಾಕತೀನಿ. ಏನರೆ ಬಂದ್ರ, ಬಂತು ಅಂತ ಬರೀತೀನಿ. ಬರಲಿಲ್ಲಂದ್ರ ಬರಲಿಲ್ಲ ಅಂತ ಬರೀತೀನಿ. ಮೊದಲಿನ ಪೇಪರ್ ತಪ್ಪದ ಅಂತಾನೂ ಬರೀತೀನಿ. ನಿಮ್ಮ ಹೆಸರು ಹಾಕೂದೋ ಬಿಡೂದೋ ನೀವ ಹೇಳ್ರಿ."

"ಬರಲಿಲ್ಲ ಅನ್ನೂದನ್ನ ಯಾರು ಓದ್ತಾರ, ಹುಚ್ಚಿ?" ಮ್ಯಾಡಂಗೆ ಕನ್ನಡ ತಾನಾಗಿ ಬಾಯಿಗೆ ಬಂದಿತ್ತು.

"ಯಾರೂ ಓದಬ್ಯಾಡ್ರಿ."

ಮ್ಯಾಡಂ ಎದ್ದರು. ರಿಯಾಕ್ಟರಿನ ಹತ್ತಿರ ಹೋಗಿ, ಸೆರಗಿನಿಂದ ಮೂಗು ಮುಚ್ಚಿಕೊಂಡು ಬಗ್ಗಿ, ಒಳಗಿನ ಹಳದಿ ಕೆಸರನ್ನು ನೋಡಿದರು. ಆಮೇಲೆ ಸೆರಗನ್ನು ಮೂಗಿನಿಂದ ಸರಿಸಿ, ಒಮ್ಮೆ ಉಸಿರೆಳೆದುಕೊಂಡರು. ಮುಖ ಸಿಂಡರಿಸಿತು, ಆದರೂ ಇನ್ನೊಮ್ಮೆ ಎಳೆದುಕೊಂಡರು. ಚೀಲ ತೆಗೆದುಕೊಂಡು ಹೊರಟುಹೋದರು. ಕೀಲಿಕೈಯ ಮಾತು ಮತ್ತೆ ಎತ್ತಲಿಲ್ಲ. ಅದು ಒಪ್ಪಿಗೆಯೋ, ನಾಳೆ ಆಫೀಸಿನಿಂದ ಕಾಗದ ಬರುವುದೋ, ಮಾಧುರಿಗೆ ತಿಳಿಯಲಿಲ್ಲ. ಸುದೀಪ ಮೆಥನಾಲಿನ ಕ್ಯಾನು ಎಳೆದುಕೊಂಡು ಒಳಗೆ ಬಂದ. "ನಿಂಗೆ ಎಂತ ಮರ್ಲು ಮಾರಾಯ್ತಿ, ತಲೆ ಸಮ ಇತ್ತಾ?" ಎಂದ. ಅವಳು ಅವನ ಮುಖ ನೋಡಿ, "ಆವತ್ತ ಬಂಗುಡೆ ಅಂದಿದ್ದಿಯಲ್ಲ, ನೀ ಅಂದದ್ದು ಖರೆ ಇತ್ತು" ಎಂದಳು. ಅವನು ಕ್ಯಾನನ್ನು ಇಟ್ಟು, ತಲೆ ಕೆರೆದುಕೊಂಡು, ಹೊರಗೆ ಹೋಗಿ ನಿಂತ.

ಅಪ್ಪನ ಫೋನು ಬಂತು. "ಹೆಂಗಾತವಾ?"

"ಒಡದ ತೋರಿಸಿದೆ ಅಪ್ಪಾ."

"ಏನ ಒಡದಿ?"

"ನಮ್ಮ ಮಾಲು. ಒಳಗಿನ ಲಾಂಬಿ ಎಲ್ಲಾರಿಗೂ ತೋರಿಸಿದೆ."

ಆ ಕಡೆ ಹಿಂದೆ ಅವ್ವ, ಏನಂತ, ಏನಂತ, ಎಂದು ಕೇಳುವುದು ಕೇಳಿಸಿತು. ಕೊನೆಗೆ ಹೊಳಬಸಪ್ಪ, "ನೌಕರಿ?" ಎಂದ.

"ಹೋತು ಅನಸ್ತದ."

"ಮತ್ಯಾಕ ನಗಾಕತ್ತಿ?"

ತಾನು ನಗುತ್ತಿರುವುದು ಅವಳಿಗೆ ಗೊತ್ತಿರಲಿಲ್ಲ. ಕಣ್ಣಲ್ಲಿ ನೀರೂ ಇತ್ತು, ಅದೂ ಗೊತ್ತಿರಲಿಲ್ಲ. "ಮನೀಗ ಬಾ" ಎಂದ ಅಪ್ಪ. ದನಿಯಲ್ಲಿ ಸಿಟ್ಟಿತ್ತೋ ಬೇರೇನಾದರೂ ಇತ್ತೋ. "ಒಂದ ಸಲ ತೊಳದಿಟ್ಟು ಬರತೀನಿ" ಎಂದು ಫೋನ್ ಇಟ್ಟಳು. ಹೊಸ ಚೂಡಿದಾರದ ತೋಳು ಮಡಚಿದಳು. ದುಪಟ್ಟಾ ತೆಗೆದು ಕುರ್ಚಿಗೆ ಹಾಕಿದಳು. ಪುಡಿಯನ್ನು ಜಾಡಿಗೆ ಸುರಿದು ಅದರ ಮೇಲೆ ಮೆಥನಾಲು ಹೊಯ್ದು ಕಲಕಿದಾಗ ವಾಸನೆ ಗಪ್ಪನೆ ಎದ್ದು ಮುಖಕ್ಕೆ ಬಡಿಯಿತು. ಈ ಸಲ ಅವಳು ಮೂಗು ಮುಚ್ಚಿಕೊಳ್ಳಲಿಲ್ಲ.